ಗಂಧಕದ ಋಣ

ಅಕ್ಕನ ಮಗ ಮೊನ್ನೆ ವಾಟ್ಸಾಪಿನಲ್ಲಿ ತನ್ನ ಮಗಳ ಫೋಟೋ ಕಳಿಸಿದ. ರೇಷ್ಮೆ ಲಂಗ, ಮೊಗ್ಗಿನ ಜಡೆ, ಮುಂದಿನ ಹಲ್ಲು ಬಿದ್ದ ನಗು, ಎಲ್ಲ ಸರಿಯಾಗೇ ಇತ್ತು. ಆದರೆ ಚಿತ್ರದ ಮೇಲಿಂದ ಕೆಳಗಿನವರೆಗೆ ಯಾರೋ ಚಹಾ ಚೆಲ್ಲಿದ ಹಾಗೆ ಕಂದು ಬಣ್ಣ. ಕೆಳಗೆ, ‘ಹಳೇ ಕಾಲದ ಫೋಟೋ ಥರ ಮಾಡಿದೀನಿ ಮಾಮ, ನಿಮಗೆ ಇಷ್ಟ ಆಗತ್ತೆ’ ಎಂಬ ಒಕ್ಕಣೆ. ಮಗು ಮುದ್ದಾಗಿದ್ದಾಳೆ ಎಂದಷ್ಟೇ ಉತ್ತರಿಸಿದೆ. ಬಣ್ಣದ ಮಾತು ಎತ್ತಿದ್ದರೆ ಅವನು ಫೋನ್ ಇಡುವಷ್ಟರಲ್ಲಿ ರಾತ್ರಿಯಾಗುತ್ತಿತ್ತು. ಆ ಭಾರವನ್ನೀಗ ನಿಮ್ಮ ತಲೆಗೆ ಕಟ್ಟುತ್ತಿದ್ದೇನೆ.

ಹಳೆಯ ಫೋಟೋ ಎಂದರೆ ಕಂದು ಎಂದು ಇವರಿಗೆಲ್ಲ ಹೇಳಿಕೊಟ್ಟವರು ಯಾರು? 1839ರಲ್ಲಿ ಪ್ಯಾರಿಸ್ಸಿನಲ್ಲಿ ಬೆಳಕಿಗೆ ಬಂದ ಡಾಗೇರ್‌ನ ಚಿತ್ರಗಳು ಬೆಳ್ಳಿ ಪೂಸಿದ ತಾಮ್ರದ ತಗಡಿನ ಮೇಲೆ ಥಳಥಳ ಹೊಳೆಯುತ್ತಿದ್ದವು. ಇಂಗ್ಲೆಂಡಿನ ವಿಜ್ಞಾನಿ ಹರ್ಷೆಲ್ 1842ರಲ್ಲಿ ಕೊಟ್ಟ ಸಯನೋಟೈಪ್ ಅಚ್ಚ ನೀಲಿ. ಪ್ಲಾಟಿನಂ ಪ್ರಿಂಟು ತಣ್ಣನೆಯ ಬೂದು. ಮೊಟ್ಟೆಯ ಬಿಳಿ ಲೋಳೆ ಬಳಿದು ಮಾಡಿದ ಆಲ್ಬುಮೆನ್ ಕಾಗದಕ್ಕೆ ಹುಟ್ಟಿನಿಂದಲೇ ನೇರಳೆ ಬೆರೆತ ಕಂದು ಇತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಮನೆಗಳ ಗೋಡೆಯ ಮೇಲೆ ಅಜ್ಜ ಅಜ್ಜಿ ಕುರ್ಚಿ ಹಿಡಿದು ನಿಂತಿರುವ ಬ್ರೋಮೈಡ್ ಪ್ರಿಂಟುಗಳು ಸ್ಟುಡಿಯೋದಿಂದ ಬಂದಾಗ ಬಹುಪಾಲು ಕಪ್ಪು ಬಿಳುಪೇ. ಅವು ಕಂದಾದದ್ದು ಆಮೇಲೆ. ವಯಸ್ಸಾಯಿತೆಂದಲ್ಲ, ಕಾಯಿಲೆ ಬಿದ್ದವೆಂದು. ಆ ಕಾಯಿಲೆಯ ಹೆಸರು ಗಂಧಕ. ಕಪ್ಪು ಬಿಳುಪು ಚಿತ್ರದ ಕಪ್ಪೆಂದರೆ ಬೆಳ್ಳಿಯ ಸಣ್ಣ ಸಣ್ಣ ಕಣ; ಗಂಧಕ ತಾಗಿತೋ, ಅದು ಸಿಲ್ವರ್ ಸಲ್ಫೈಡ್ ಆಗುತ್ತದೆ. ದೇವರ ಮನೆಯ ಬೆಳ್ಳಿ ದೀಪ ಮಾಸುವುದರ ಹಿಂದಿರುವುದೂ ಇದೇ ರಸಾಯನ.

ಫೋಟೋಗ್ರಫಿಯ ಚರಿತ್ರೆ ಬರೆಯುವವರು ಕ್ಯಾಮೆರಾ, ಲೆನ್ಸು ಎಂದು ಹಿಗ್ಗುತ್ತಾರೆ. ನೆರಳನ್ನು ಹಿಡಿಯುವುದು ದೊಡ್ಡ ಕಷ್ಟವೇ ಅಲ್ಲ, ಹಿಡಿದದ್ದನ್ನು ಉಳಿಸಿಕೊಳ್ಳುವುದರಲ್ಲಿ ಎಲ್ಲರೂ ಮುಗ್ಗರಿಸಿದರು. ಇಂಗ್ಲೆಂಡಿನ ವೆಜ್‌ವುಡ್ ಮತ್ತು ಡೇವಿ 1802ರ ವೇಳೆಗೇ ಬೆಳ್ಳಿಯ ಲವಣ ಬಳಿದ ಕಾಗದ, ಚರ್ಮಗಳ ಮೇಲೆ ಎಲೆಯ ನೆರಳು ಮೂಡಿಸಿದ್ದರು. ಅದನ್ನು ಮೇಣದಬತ್ತಿಯ ಬೆಳಕಿನಲ್ಲಿ ಕದ್ದು ನೋಡಬೇಕಿತ್ತು. ಹಗಲಿಗೆ ತಂದರೆ ಕಾಗದವೆಲ್ಲ ಕಪ್ಪು. ಮುಂದೆ ಅದೇ ದೇಶದ ಟಾಲ್ಬಟ್ ಅಡಿಗೆಯುಪ್ಪು ಹಾಕಿ ಒಂದಷ್ಟು ಸಂಭಾಳಿಸಿದ. ಇತ್ತ ಹರ್ಷೆಲ್, ಈಗ ನಾವು ಹೈಪೋ ಎನ್ನುವ ವಸ್ತು ಬೆಳ್ಳಿಯ ಲವಣವನ್ನು ಕರಗಿಸುತ್ತದೆಂದು 1819ರಲ್ಲೇ ಕಂಡುಕೊಂಡಿದ್ದ. ಇಪ್ಪತ್ತು ವರ್ಷ ಅದು ಯಾರಿಗೂ ಬೇಕಾಗಲಿಲ್ಲ. 1839ರ ಜನವರಿಯಲ್ಲಿ ಡಾಗೇರ್‌ನ ಸುದ್ದಿ ಕೇಳಿ ತಾನೂ ಪ್ರಯೋಗಕ್ಕೆ ಕುಳಿತಾಗ ಅದು ನೆನಪಿಗೆ ಬಂತು, ಕೆಲಸವೂ ಆಯಿತು: ಬೆಳಕು ತಾಗದ ಲವಣ ಕರಗಿಹೋಗಿ ಚಿತ್ರ ನಿಂತಿತು. ಟಾಲ್ಬಟ್ಟನಿಗೂ ಧಾರಾಳವಾಗಿ ಹೇಳಿಕೊಟ್ಟ. ಮುಂದೆ ಟಾಲ್ಬಟ್ ತನ್ನ ಕ್ಯಾಲೊಟೈಪ್ ವಿಧಾನಕ್ಕೆ ಪೇಟೆಂಟ್ ಮಾಡಿಸಿ ಕಾಸು ಕೇಳಿದ್ದು ಬೇರೆ ಕಥೆ.

ಆದರೆ ಈ ಹೈಪೋದ ಹೊಟ್ಟೆಯಲ್ಲೂ ಗಂಧಕವಿದೆ. ಕೆಲಸ ಮುಗಿದ ಮೇಲೆ ಅದನ್ನು ಕಾಗದದಿಂದ ಪೂರ್ತಿ ತೊಳೆದು ಕಳಿಸದಿದ್ದರೆ, ತಾನು ಉಳಿಸಿದ ಚಿತ್ರವನ್ನು ತಾನೇ ತಿನ್ನುತ್ತದೆ. 1846ರಲ್ಲಿ ಲಂಡನ್ನಿನ ‘ಆರ್ಟ್ ಯೂನಿಯನ್’ ಪತ್ರಿಕೆಯ ಜೊತೆ ಟಾಲ್ಬಟ್‌ನ ಕಡೆಯವರು ಸಾವಿರಾರು ಪ್ರಿಂಟು ಹಂಚಿದರು. ಅವುಗಳಲ್ಲಿ ಬಹಳಷ್ಟು ಬೇಗನೆ ಮಾಸಿ, ಊರೆಲ್ಲ ನಗೆಪಾಟಲಾಯಿತು. 1855ರಲ್ಲಿ ಅಲ್ಲಿನ ಫೋಟೋಗ್ರಫಿಕ್ ಸೊಸೈಟಿ ಚಿತ್ರಗಳು ಮಾಸುವುದೇಕೆಂದು ವಿಚಾರಿಸಲು ಒಂದು ಸಮಿತಿಯನ್ನೇ ಮಾಡಿತು. ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್ 50 ಪೌಂಡ್ ಕೊಟ್ಟ. ಸಮಿತಿ ಕಂಡುಕೊಂಡ ಮುಖ್ಯ ಕಾರಣ, ಸರಿಯಾಗಿ ತೊಳೆಯದ ಹೈಪೋ. ನಮ್ಮ ಫೋಟೋಗ್ರಫಿ ಕ್ಲಬ್ಬಿಗೆ ಈ ವರದಿ ಇನ್ನೂ ತಲುಪಿಲ್ಲ.

ಇದು ಕಾಯಿಲೆಯ ಕಂದು. ಮದ್ದಿನ ಕಂದು ಬೇರೆ, ಅದೇ ಸೀಪಿಯಾ ಟೋನಿಂಗ್. ವಿಷದಿಂದಲೇ ವಿಷ ತೆಗೆಯುವ ವಿದ್ಯೆ ಇದು: ಗಂಧಕ ಎಂದೋ ಕದ್ದು ಬಂದು ಬೆಳ್ಳಿಯನ್ನು ಕೆಡಿಸುವ ಮೊದಲು ನಾವೇ ಕರೆದು ಕೂರಿಸಿ, ಬೆಳ್ಳಿಯನ್ನೆಲ್ಲ ಒಂದೇ ಸಮ ಸಲ್ಫೈಡ್ ಮಾಡಿಬಿಡುವುದು. ಆಮೇಲೆ ಅದಕ್ಕೆ ಕೆಡಲು ಹೆಚ್ಚೇನೂ ಉಳಿಯುವುದಿಲ್ಲ. ಪ್ರಿಂಟನ್ನು ಬ್ಲೀಚಿಗೆ ಇಳಿಸಿದರೆ ಕಣ್ಣೆದುರೇ ಚಿತ್ರ ಮಾಯವಾಗುತ್ತ ಹೋಗುತ್ತದೆ. ಮೊದಲು ಮೋಡ, ಆಮೇಲೆ ಮುಖ, ಕಟ್ಟಕಡೆಗೆ ಕೂದಲು. ತೊಳೆದು ಸಲ್ಫೈಡ್ ಟ್ರೇಗೆ ಹಾಕಿದಿರೋ, ಹೋದದ್ದೆಲ್ಲ ಕಂದು ಹೊದ್ದು ಮರಳುತ್ತದೆ. ಡಾರ್ಕ್‌ರೂಮಿನ ಮಿಕ್ಕ ಜಾದೂಗಳಿಗೆ ಕೆಂಪು ದೀಪದ ಹಂಗು. ಇದು ಹಟ್ಟ ಹಗಲಿನಲ್ಲೇ ನಡೆಯುತ್ತದೆ. ಒಂದೇ ತೊಂದರೆ, ಸಲ್ಫೈಡಿನ ಕೊಳೆತ ಮೊಟ್ಟೆಯ ನಾತ. ನಾನು ವಾಸನೆಯಿಲ್ಲದ ಥಯೋಯೂರಿಯಾಕ್ಕೆ ಬದಲಾಯಿಸಿದ್ದು ಕಲೆಗಾಗಿ ಅಲ್ಲ, ಸಂಸಾರ ಉಳಿಸಿಕೊಳ್ಳಲು. ಹಾಗೆ ಬಂದವನಿಗೆ ಅದರಲ್ಲೊಂದು ಲಾಭವೂ ಸಿಕ್ಕಿತು: ಜೊತೆಗೆ ಹಾಕುವ ಕಾಸ್ಟಿಕ್ ಸೋಡಾ ಏರಿಸಿದರೆ ಕಂದು ಗಾಢವಾಗುತ್ತದೆ, ಇಳಿಸಿದರೆ ಹಳದಿಗೆ ವಾಲುತ್ತದೆ.

ನನ್ನದೊಂದು ಪಟ್ಟು ಇದೆ. ಬ್ಲೀಚನ್ನು ಮಜ್ಜಿಗೆ ನೀರಿಗಿಂತ ತೆಳ್ಳಗೆ ಮಾಡಿಕೊಂಡು, ಬಿಳುಪಿನ ಭಾಗ ಮಾತ್ರ ಕರಗಿದಾಗ ಪ್ರಿಂಟನ್ನು ಎತ್ತಿಬಿಡುವುದು. ಟೋನ್ ಮಾಡಿದಾಗ ಕಪ್ಪು ಕಪ್ಪಾಗಿಯೇ ಇದ್ದು, ಕೆನ್ನೆಗೆ, ಬಿಸಿಲಿನ ಗೋಡೆಗೆ ಮಾತ್ರ ಬೆಚ್ಚನೆಯ ಛಾಯೆ ಬರುತ್ತದೆ. ಇದು ಕಂದು ಎಂದು ಯಾರಿಗೂ ತಟ್ಟನೆ ಹೊಳೆಯುವುದಿಲ್ಲ; ಏನೋ ಚೆನ್ನಾಗಿದೆ ಎನ್ನುತ್ತಾರೆ. ಯಾವಾಗ ಎತ್ತಬೇಕೆಂಬುದೇ ಎಲ್ಲ. ಗಡಿಯಾರ ನೋಡಿ ಎತ್ತುವವರಿಂದ ಆಗದು. ನಮ್ಮ ಕ್ಲಬ್ಬಿನ ಹಿರಿಯರೊಬ್ಬರು ಇದನ್ನು ಅರ್ಧಂಬರ್ಧ ಕೆಲಸ ಎನ್ನುತ್ತಾರೆ. ‘ಕಪ್ಪಿನಲ್ಲಿರೋ ಬೆಳ್ಳಿಗೆ ರಕ್ಷಣೆ ಎಲ್ಲಿದೇರಿ?’ ಎಂಬುದು ಅವರ ಪ್ರತಿ ಭಾನುವಾರದ ಪ್ರಶ್ನೆ. ಅದಕ್ಕೆ ಸೆಲೆನಿಯಂ ಟೋನರ್ ಇದೆಯಲ್ಲ ಸಾರ್, ಎಂಬುದು ನನ್ನ ಪ್ರತಿ ಭಾನುವಾರದ ಉತ್ತರ. ಅವರ ಪ್ರಿಂಟುಗಳೆಲ್ಲ ಪೂರ್ತಿ ಕಂದು, ನೂರಾರು ವರ್ಷ ಬಾಳುತ್ತವೆ. ಬಾಳಬೇಕೆನ್ನಿಸುವಂಥವು ಕಡಮೆ.

ಅವರ ಜೊತೆ ಜಗಳವಾಡುವುದು ಒಂದು ಸುಖ. ಸಿಟ್ಟು ಬರುವುದು ತೊಳೆಯದವರ ಮೇಲೆ. ಫೈಬರ್ ಕಾಗದವನ್ನು ನಲ್ಲಿಯಡಿ ಎರಡು ಸಲ ಅಲ್ಲಾಡಿಸಿ, ಆಯಿತು ಎಂದು ಟೋನಿಂಗಿಗೆ ತರುತ್ತಾರೆ. ಕಾಗದದಲ್ಲಿ ಉಳಿದ ಹೈಪೋ ಬ್ಲೀಚಿನ ಫೆರಿಸಯನೈಡ್ ಜೊತೆ ಸೇರಿದರೆ ಅದು ಹೋವರ್ಡ್ ಫಾರ್ಮರ್ 1883ರಲ್ಲಿ ಹೇಳಿಕೊಟ್ಟ, ಬೆಳ್ಳಿಯನ್ನೇ ಕರಗಿಸುವ ರೆಡ್ಯೂಸರೇ ಆಗಿಬಿಡುತ್ತದೆ. ಅದು ಕರಗಿಸಿದ್ದು ಯಾವ ಟೋನರಿಗೂ ಮರಳಿ ಬರುವುದಿಲ್ಲ. ಮುಖ ಹೋದ ಪ್ರಿಂಟು ಹಿಡಿದು, ಕೆಮಿಕಲ್ ಕಳಪೆ ಎಂದು ಅಂಗಡಿಯವನನ್ನು ಬೈಯುತ್ತಾರೆ! ಇನ್ನೊಂದು ಜಾತಿಯವರು ನಲ್ಲಿ ತೆರೆದಿಟ್ಟು ಊಟಕ್ಕೆ ಹೋಗುವವರು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಬಡಾವಣೆಗಳು ಟ್ಯಾಂಕರಿನ ದಾರಿ ಕಾಯುತ್ತಿದ್ದಾಗಲೂ ಇವರ ಟ್ರೇ ತುಂಬಿ ಚೆಲ್ಲುತ್ತಿತ್ತು. ನೀರು ಓಡಿದರೆ ಹೈಪೋ ಓಡುವುದಿಲ್ಲ. ಅದು ಕಾಗದದ ನಾರಿನಿಂದ ತನ್ನ ಗತಿಯಲ್ಲಿ ಇಳಿದು ಬರಬೇಕು. ಟ್ರೇ ತುಂಬಿ, ಬಿಟ್ಟು, ಚೆಲ್ಲಿ, ಮತ್ತೆ ತುಂಬಿದರೆ ಎಷ್ಟೋ ಕಡಮೆ ನೀರಿನಲ್ಲಿ ಕೆಲಸ ಮುಗಿಯುತ್ತದೆ. ಸಮುದ್ರದ ನೀರಿನಲ್ಲಿ ತೊಳೆದರೆ ಹೈಪೋ ಇನ್ನೂ ಬೇಗ ಬಿಟ್ಟುಕೊಡುತ್ತದೆಂಬುದು ಹಳೆಯ ಅನುಭವ. ಕೊನೆಗೆ ಸಿಹಿನೀರು ತೋರಿಸಬೇಕು, ಅಷ್ಟೆ. ನಾವು ಈಗ ಬಳಸುವ ಸೋಡಿಯಂ ಸಲ್ಫೈಟ್ ದ್ರಾವಣದ ಗುಟ್ಟೂ ಅದೇ ಲವಣದ ಉಪಾಯ. ಮಂಗಳೂರಿನವರಿಗೆ ಈ ಒಂದು ವಿಷಯದಲ್ಲಿ ನಮ್ಮ ಹೊಟ್ಟೆ ಉರಿಸುವ ಹಕ್ಕಿದೆ.

ಇಷ್ಟು ಬೈದ ಮೇಲೆ ಗಂಧಕದ ಇನ್ನೊಂದು ಮುಖ ಹೇಳದಿದ್ದರೆ ಪಾಪ. 1880ರ ದಶಕದ ಮೊದಲಲ್ಲಿ ಮುಂದೆ ಕೊಡಕ್ ಕಟ್ಟಿದ ಈಸ್ಟ್‌ಮನ್‌ನ ಡ್ರೈ ಪ್ಲೇಟುಗಳು ಇದ್ದಕ್ಕಿದ್ದಂತೆ ಕೈಕೊಟ್ಟವು. ಸೂತ್ರ ಅದೇ, ಕೈ ಅದೇ, ಕೆಟ್ಟದ್ದು ಜೆಲಾಟಿನ್. ಏಕೆಂಬುದು 1920ರ ದಶಕದಲ್ಲಿ ಕೊಡಕ್ ಕಂಪನಿಯ ಸ್ಯಾಮ್ಯುಯೆಲ್ ಶೆಪರ್ಡ್ ಹುಡುಕುವವರೆಗೂ ಬಯಲಾಗಲಿಲ್ಲ. ಜೆಲಾಟಿನ್ ಬರುವುದು ದನದ ಚರ್ಮ, ಮೂಳೆಗಳಿಂದ. ಆ ದನ ಸಾಸಿವೆಯಂಥ ಗಿಡ ಮೇಯ್ದಿದ್ದರೆ ಅದರ ಗಂಧಕದ ಲವಲೇಶ ಜೆಲಾಟಿನ್ನಿಗೆ ಸೇರಿ, ಬೆಳ್ಳಿಯ ಹರಳನ್ನು ಬೆಳಕಿಗೆ ಚುರುಕಾಗಿಸುತ್ತದೆ. ನಾವು ತೆಗೆದ ಒಂದೊಂದು ಸ್ನ್ಯಾಪಿನ ಹಿಂದೆಯೂ ಸಾಸಿವೆಯ ಕಾರವಿದೆ ಎಂದಾಯಿತು. ಗಂಧಕವಿಲ್ಲದೆ ಚಿತ್ರ ಚುರುಕಾಗಿ ಮೂಡುವುದಿಲ್ಲ, ಗಂಧಕವಿಲ್ಲದೆ ನಿಲ್ಲುವುದಿಲ್ಲ, ಗಂಧಕ ಹೋಗದೆ ಉಳಿಯುವುದಿಲ್ಲ.

ತೊಳೆದು ಉಳಿಸಿದವರ ಪೈಕಿ ನನಗೆ ಬಲು ಇಷ್ಟ ಅಲೆಕ್ಸಾಂಡರ್ ಗ್ರೀನ್‌ಲಾ. ಈ ಸೈನ್ಯಾಧಿಕಾರಿ 1856ರಲ್ಲಿ ಹಂಪಿಯಲ್ಲಿ ಮೇಣ ಹಚ್ಚಿದ ದೊಡ್ಡ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಚಿತ್ರ ತೆಗೆದ. ಹಂಪಿಯ ಬಿಸಿಲಿನಲ್ಲಿ ಆ ಅಳತೆಯ ಕಾಗದವನ್ನು ಹೈಪೋ ಹೋಗುವಂತೆ ತೊಳೆಯುವುದೆಂದರೆ ಏನೆಂದು ಟ್ರೇ ಮುಂದೆ ಬಗ್ಗಿ ಸೊಂಟ ನೋಯಿಸಿಕೊಂಡವರಿಗೆ ಗೊತ್ತು. ನೂರಿಪ್ಪತ್ತು ವರ್ಷಕ್ಕೂ ಮೇಲೆ ಕಣ್ಮರೆಯಾಗಿದ್ದ ಅವು 1980ರಲ್ಲಿ ಸಿಕ್ಕಾಗ ಪ್ರಿಂಟು ಹಾಕುವಷ್ಟು ಗಟ್ಟಿಯಾಗಿದ್ದವು. ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಆ ದಶಕದಲ್ಲೇ ಗ್ರೀನ್‌ಲಾ ನಿಂತ ಜಾಗಗಳಲ್ಲೇ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ನೆತ್ತಿಯ ಮೇಲೆ ಗ್ರೀನ್‌ಲಾ ಕಾಲದಲ್ಲಿ ಇಟ್ಟಿಗೆಯ ಶಿಖರವಿತ್ತು. ಇವತ್ತು ಇಲ್ಲ.

ನಮ್ಮ ಊರುಗಳ ಸ್ಟುಡಿಯೋಗಳ ನೆಗೆಟಿವ್‌ಗಳಿಗೆ ಆ ಭಾಗ್ಯವಿಲ್ಲ. ಮಾಲೀಕರು ತೀರಿಕೊಂಡರೆ, ಅಂಗಡಿ ಮೊಬೈಲ್ ರಿಪೇರಿಗೆ ಬಾಡಿಗೆ ಹೋದರೆ, ಡಬ್ಬ ಡಬ್ಬ ನೆಗೆಟಿವ್ ತೂಕದ ಲೆಕ್ಕದಲ್ಲಿ ಬೆಳ್ಳಿ ತೆಗೆಯುವವರ ಪಾಲು. ನನ್ನ ತಂದೆ ತಾಯಿಯ ಮದುವೆಯ ನೆಗೆಟಿವ್ ಹೋದದ್ದೂ ಹೀಗೆಯೇ. ಒಂದೂರಿನ ಮುಖಗಳನ್ನೆಲ್ಲ ಕುದಿಸಿ ಬರುವ ಬೆಳ್ಳಿಯಲ್ಲಿ ಒಂದು ಜೊತೆ ಕಾಲುಂಗುರ ಆಗುತ್ತದೋ ಇಲ್ಲವೋ. ನಿಮ್ಮ ಬೀದಿಯ ಹಳೇ ಸ್ಟುಡಿಯೋ ಬಾಗಿಲು ಹಾಕುತ್ತಿದ್ದರೆ, ಗುಜರಿಯವನಿಗಿಂತ ಮೊದಲು ನೀವು ಹೋಗಿ ಕೇಳಿ. ಅವನು ಕೊಡುವಷ್ಟೇ ದುಡ್ಡು ಕೊಟ್ಟರೂ ಸಾಕು, ಕೊಡುತ್ತಾರೆ.