ಇಂಗ್ಲಿಷ್ ಎಂ.ಎ.: ನಮ್ಮ ಕೇರಿಯ ಲೆಕ್ಕ

ಇಂಗ್ಲಿಷ್ ಎಂ.ಎ. ಮಾಡಿದರೆ ಎಷ್ಟು ದುಡ್ಡು ಬರುತ್ತೆ? ಹೀಗೆ ಕೇಳಿದರೆ ವಿಶ್ವವಿದ್ಯಾನಿಲಯದ ದೊಡ್ಡವರು ಮುಖ ಸಿಂಡರಿಸುತ್ತಾರೆ. ಸಾಹಿತ್ಯವನ್ನು ದುಡ್ಡಿನಿಂದ ಅಳೆಯಬಾರದಂತೆ. ಅಜ್ಜನ ಕಾಲದಿಂದ ಜಮೀನು, ಮನೆ ತುಂಬ ಪುಸ್ತಕ ಇದ್ದವರು ಹಾಗೆ ಹೇಳಬಹುದು. ನಾನು ಎಂ.ಎ.ಗೆ ಸೇರುತ್ತೇನೆ ಅಂದಾಗ ನಮ್ಮವ್ವ ಕೇಳಿದ್ದು ಇದನ್ನೇ: "ಇಂಗ್ಲೀಸು ಓದಿ ತಿಂಗಳಿಗೆ ಎಷ್ಟು ತಂದೀಯಪ್ಪ?" ಅದು ಸಣ್ಣ ಮಾತಲ್ಲ. ಜೀವಮಾನವಿಡೀ ಇನ್ನೊಬ್ಬರ ಲೆಕ್ಕದ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿದವಳು ಮೊದಲ ಸಲ ತಾನೇ ಲೆಕ್ಕ ಕೇಳಿದ್ದಳು. ಅವಳಿಗೆ ಉತ್ತರ ಕೊಡಲೇಬೇಕು.

ಮೊದಲು ಖರ್ಚು. ಫೀಜಿಗೆ ಸ್ಕಾಲರ್‌ಶಿಪ್ ಇದೆ, ಇರೋದಕ್ಕೆ ಹಾಸ್ಟೆಲ್ ಇದೆ, ಇನ್ನೇನು ಖರ್ಚು ಅಂತ ಹೊರಗಿನವರು ಕೇಳುತ್ತಾರೆ. ದೊಡ್ಡ ಖರ್ಚು ಬೇರೆಯೇ ಇದೆ. ದುಡಿಯುವ ವಯಸ್ಸಿನ ಎರಡು ಕೈ ಎರಡು ವರ್ಷ ಮನೆಗೆ ಇಲ್ಲ. 2024-25ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 349 ರೂಪಾಯಿ ಇತ್ತು. ಅದನ್ನೇ ಅಳತೆಗೆ ಹಿಡಿದು, ತಿಂಗಳಿಗೆ 20 ದಿನದ ಕೂಲಿ ಅಂದುಕೊಂಡರೆ, 24 ತಿಂಗಳಿಗೆ 1,67,520 ರೂಪಾಯಿ. ಈ ಖರ್ಚು ಯಾವ ಪ್ರಾಸ್ಪೆಕ್ಟಸ್‌ನಲ್ಲೂ ಅಚ್ಚಾಗುವುದಿಲ್ಲ. ಅದನ್ನು ಕಟ್ಟುವುದು ಅವ್ವನ ಸೊಂಟ.

ಇನ್ನು ವರಮಾನ. ಓದು ಮುಗಿಸಿ ನಾನು ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾದೆ. ಅತಿಥಿ ಅನ್ನುವ ಮಾತನ್ನೇ ನೋಡಿ, ಉಂಡ ಮೇಲೆ ಎದ್ದು ಹೋಗಬೇಕಾದವನು. 2022ರ ಜನವರಿಯವರೆಗೆ ಅತಿಥಿಗಳಿಗೆ ತಿಂಗಳಿಗೆ 11ರಿಂದ 13 ಸಾವಿರ. ಬೀದಿಗಿಳಿದು ಧರಣಿ ಕೂತ ಮೇಲೆ ಅದು 26ರಿಂದ 32 ಸಾವಿರಕ್ಕೆ ಏರಿತು. ಅದರ ಜೊತೆಗೇ ವಾರಕ್ಕೆ 8-10 ಗಂಟೆ ಇದ್ದ ಪಾಠ 15 ಗಂಟೆಯಾಯಿತು. ಮೂವರ ಪಾಠ ಇಬ್ಬರಿಗೆ, ಮೂರನೆಯವನು ಮನೆಗೆ. ಅದೇ ಸ್ಟಾಫ್ ರೂಮಿನ ಕಾಯಂ ಸಹಾಯಕ ಪ್ರಾಧ್ಯಾಪಕರಿಗೆ ಯುಜಿಸಿಯ ಏಳನೇ ವೇತನ ಶ್ರೇಣಿಯಲ್ಲಿ ಮೂಲವೇತನವೇ 57,700ರಿಂದ ಶುರು. ಪದವಿ ಒಂದೇ, ಪಾಠ ಒಂದೇ, ಅನ್ನ ಬೇರೆ.

ಹಾಗಿದ್ದರೂ ಕೂಲಿಗಿಂತ ವಾಸಿಯಲ್ಲವೇ? ವಾಸಿಯೇ. 26 ಸಾವಿರ ಸಿಕ್ಕರೆ ಎರಡು ವರ್ಷದ ಕೂಲಿ ಏಳು ತಿಂಗಳ ಸಂಬಳದಲ್ಲಿ ವಾಪಸು ಬಂತು. ಆದರೆ 'ಸಿಕ್ಕರೆ' ಅನ್ನುವುದರಲ್ಲೇ ಎಲ್ಲ ಇದೆ.

ಇಂಗ್ಲಿಷಿಗೆ ಪೇಟೆಯಲ್ಲಿ ಬೆಲೆ ಇದೆ. ಮೆಹ್ತಾಬ್ ಅಜಂ, ಏಮಿ ಚಿನ್, ನಿಶಿತ್ ಪ್ರಕಾಶ್ ಅನ್ನುವ ಅರ್ಥಶಾಸ್ತ್ರಜ್ಞರು 2005ರ ಸಮೀಕ್ಷೆಯೊಂದನ್ನು ಹಿಡಿದು ಇದನ್ನು ಲೆಕ್ಕ ಹಾಕಿದರು. 2013ರಲ್ಲಿ ಅದು ಅಚ್ಚಾಯಿತು. ಇಂಗ್ಲಿಷನ್ನು ಸರಾಗವಾಗಿ ಮಾತಾಡುವ ಗಂಡಸಿನ ಗಂಟೆಯ ಸಂಪಾದನೆ, ಅದು ಬಾರದವನಿಗಿಂತ ಶೇಕಡಾ 34 ಹೆಚ್ಚು. ಅಲ್ಪಸ್ವಲ್ಪ ಮಾತಾಡುವವನದು ಶೇಕಡಾ 13 ಹೆಚ್ಚು. ಎಳೆಯರಲ್ಲಾದರೋ ಹೆಚ್ಚು ಓದಿದವರಿಗೆ ಮಾತ್ರ ಈ ಲಾಭ. ಅಂದರೆ ಪದವಿಯೂ ಬೇಕು, ನಾಲಿಗೆಯೂ ಬೇಕು. ನಮಗೆ ಸಿಕ್ಕಿದ್ದು ಪದವಿ ಮಾತ್ರ. ಚಾಸರ್, ಮಿಲ್ಟನ್, ಎಲಿಯಟ್ ಎಲ್ಲರನ್ನೂ ಓದಿದೆವು, ಗೈಡು ಬಾಯಿಪಾಠ ಮಾಡಿ ಬರೆದೆವು, ಪಾಸಾದೆವು. ಎರಡು ವರ್ಷದಲ್ಲಿ ತರಗತಿಯೊಳಗೆ ನನ್ನ ಬಾಯಿಂದ ಹೊರಟ ಇಂಗ್ಲಿಷು 'ಪ್ರೆಸೆಂಟ್ ಸಾರ್' ಒಂದೇ. ಕಾನ್ವೆಂಟಿನಿಂದ ಬಂದವರು ಮನೆಯಿಂದಲೇ ನಾಲಿಗೆ ತಂದಿದ್ದರು. ವಿಶ್ವವಿದ್ಯಾನಿಲಯ ಅದಕ್ಕೊಂದು ಮುದ್ರೆ ಒತ್ತಿತು, ಅಷ್ಟೆ.

ನಾಲಿಗೆ ಬಂದರೂ ಹೆಸರು ಅಡ್ಡ ಬರುತ್ತದೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ 2007ರಲ್ಲಿ ಒಂದು ಪರೀಕ್ಷೆಯ ಫಲ ಪ್ರಕಟಿಸಿದರು. ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಸಮಾನ ಓದಿನ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಿದ್ದರು. ಮೇಲ್ಜಾತಿಯ ಹೆಸರಿಗಿದ್ದ ಅವಕಾಶದ ಸುಮಾರು ಮೂರನೇ ಎರಡು ಪಾಲು ಮಾತ್ರ ದಲಿತ ಹೆಸರಿಗೆ ಸಿಕ್ಕಿತು. ಒಂದೇ ಪದವಿ ಹೆಸರು ನೋಡಿ ಸವಕಲು ನಾಣ್ಯವಾಗುತ್ತದೆ.

ಹಾಗಾದರೆ ನಮಗೆ ಇಂಗ್ಲಿಷ್ ಬೇಡವೇ? ಗೆಳೆಯರೇ, ಹಾಗೆ ಹೇಳುವವರನ್ನು ನಂಬಬೇಡಿ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು, ಇಂಗ್ಲಿಷ್ ಕಲಿಯಿರಿ ಅಂದರು. ಅವರ ಮಂತ್ರಿ ಪದವಿ ಹೋಯಿತು, ನಮ್ಮ ಹುಡುಗರು ಏಟು ತಿಂದರು. ಒಂದು ಭಾಷೆ ಕಲಿಯಿರಿ ಅಂದದ್ದಕ್ಕೆ ಇಷ್ಟು ಸಿಟ್ಟು ಬಂತು ಅಂದಮೇಲೆ ಅದರಲ್ಲಿ ಏನೋ ಗಂಟು ಇದೆ ಅಂತಲೇ ಅರ್ಥ.

ಆ ಗಂಟನ್ನು ನಾನು ಕಂಡದ್ದು ಕಾಲೇಜಿನಲ್ಲಲ್ಲ, ನಮ್ಮ ಕೇರಿಯಲ್ಲಿ. ನಮ್ಮ ದೊಡ್ಡಪ್ಪನಿಗೆ ಸರ್ಕಾರ ಮಂಜೂರು ಮಾಡಿದ್ದ ಒಂದೂವರೆ ಎಕರೆ ಯಾರದೋ ಪಾಲಾಗಿತ್ತು. ಪರಿಶಿಷ್ಟರ ಮಂಜೂರಾತಿ ಜಮೀನು ಪರಭಾರೆಯಾಗದಂತೆ ತಡೆಯುವ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಹಿಡಿದು ಹೂಡಿದ ಕೇಸು ಹೈಕೋರ್ಟು ಮುಟ್ಟಿತು. ಆದೇಶ ಬಂದದ್ದು ಇಂಗ್ಲಿಷಿನಲ್ಲಿ. ಗೆದ್ದೆವೋ ಸೋತೆವೋ ಅನ್ನೋದನ್ನೂ ಬೇರೆಯವರ ಬಾಯಿಂದಲೇ ಕೇಳಬೇಕು. "ಸೋತಿದ್ದೀರಿ, ಕೊಟ್ಟಷ್ಟು ಈಸ್ಕೊಂಡು ರಾಜಿ ಆಗಿ" ಅಂತ ಒಬ್ಬ ದಲ್ಲಾಳಿ ಓಡಾಡುತ್ತಿದ್ದ. ಜಗಲಿ ಮೇಲೆ ಕೂತು ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿದೆ. ಸೋತಿರಲಿಲ್ಲ. ಮರುವಿಚಾರಣೆಗೆಂದು ಕೇಸು ಉಪವಿಭಾಗಾಧಿಕಾರಿಗೆ ವಾಪಸು ಹೋಗಿತ್ತು. ಮಿಲ್ಟನ್ನನ ಉದ್ದುದ್ದ ವಾಕ್ಯ ಬಿಡಿಸಿ ಬಿಡಿಸಿ ಪಳಗಿದ್ದ ಕಣ್ಣು ಆ ದಿನ ಕೆಲಸಕ್ಕೆ ಬಂತು. ರಾಜಿ ಕಾಗದಕ್ಕೆ ದೊಡ್ಡಪ್ಪ ಹೆಬ್ಬೆಟ್ಟು ಒತ್ತಲಿಲ್ಲ. ನನ್ನ ಎಂ.ಎ. ತಂದ ಸಂಬಳವೆಲ್ಲ ಒಂದು ಕಡೆ, ಆ ಒಂದೂವರೆ ಎಕರೆ ಒಂದು ಕಡೆ.

ಸೇರಲೋ ಬೇಡವೋ ಅಂತ ಕೇಳುವ ತಮ್ಮ ತಂಗಿಯರಿಗೆ ನಾನು ಹೇಳೋದು ಇಷ್ಟು. ಎಂ.ಎ. ಅಂದ ತಕ್ಷಣ ನೌಕರಿ ಅಂದುಕೊಳ್ಳಬೇಡಿ. ಬಿ.ಇಡಿ.ಯೋ ನೆಟ್ಟೋ ಜೊತೆಗಿರಲಿ, ಇಲ್ಲದಿದ್ದರೆ ಅತಿಥಿಯಾಗಿಯೇ ಮುದುಕರಾಗುತ್ತೀರಿ. ಹಾಸ್ಟೆಲಿನಲ್ಲಿ ನಾಲ್ಕು ಜನ ಸೇರಿ ದಿನಾ ಒಂದು ಗಂಟೆ ತಪ್ಪೋ ಒಪ್ಪೋ ಇಂಗ್ಲಿಷಿನಲ್ಲೇ ಮಾತಾಡಿ. ಮಾತಾಡಲು ಕಲಿಸದೆ ಪದವಿ ಕೊಡುವ ವಿಭಾಗವನ್ನು ನಿಲ್ಲಿಸಿ ಕೇಳಿ. ಸ್ಕಾಲರ್‌ಶಿಪ್ ತಡವಾದರೆ ಕಚೇರಿ ಮುಂದೆ ಕೂಡಿ. ಅವ್ವ ಎರಡು ವರ್ಷ ಒಬ್ಬಳೇ ದುಡಿದು ಕಟ್ಟಿದ ದುಡ್ಡು ಅದು. ಅದಕ್ಕೆ ಬರೀ ಕಾಗದ ಕೊಟ್ಟು ಕಳಿಸಿದರೆ ಸಾಲದು, ಭಾಷೆಯನ್ನೂ ಕೊಡಬೇಕು.