ಹಳೆಯ ಮೈಗೆ ಹೊಸ ಕಾಲು

ಪ್ರೀತಿಯ ವಸ್ತುವನ್ನು ಉಳಿಸಿಕೊಳ್ಳಲು ಅದನ್ನೇ ಕತ್ತರಿಸಬೇಕಾಗಿ ಬರುವುದು ವಿಚಿತ್ರವಾದ ಸಂಕಟ. ಅಮೆರಿಕೆಯ ಕ್ಯಾನ್ಸಸ್ ಸೀಮೆಯ ರೈತನೊಬ್ಬನು ತೀರಿಕೊಂಡಾಗ ಮಗನ ಪಾಲಿಗೆ ಬಂದುದು 1950ನೆಯ ವರ್ಷದ, ಅರ್ಧ ಟನ್ನಿನ ಶೆವ್ರೊಲೆ ಪಿಕಪ್ ಟ್ರಕ್ಕು. 1947ರಲ್ಲಿ ಹೊರಬಂದ ಮಾದರಿಯದು. ಮೂಟೆ ಹೊರುವುದಕ್ಕೆ ಹುಟ್ಟಿದುದು, ವೇಗಕ್ಕಲ್ಲ. ಮುಂದಿನ ಎರಡು ಚಕ್ರಗಳಿಗೂ ಒಂದೇ ಗಟ್ಟಿ ಅಚ್ಚು; ಒಂದು ಚಕ್ರ ಗುಂಡಿಗಿಳಿದರೆ ಇನ್ನೊಂದೂ ವಾಲಲೇಬೇಕು. ಬ್ರೇಕುಗಳಾದರೋ ಡ್ರಮ್ಮಿನವು, ನೀರು ಹೊಕ್ಕರೆ ಹಿಡಿತ ಕುಗ್ಗುವುದು.

ಒಂದು ಮಳೆಯ ಸಂಜೆ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆದ್ದಾರಿಯಲ್ಲಿ ಬರುತ್ತಿರಲು, ಮುಂದಿನ ಕಾರು ಹಠಾತ್ತನೆ ನಿಂತಿತು. ಆತನು ಬ್ರೇಕನ್ನು ಬಲವಾಗಿ ತುಳಿದನು. ಟ್ರಕ್ಕು ಪಕ್ಕಕ್ಕೆಳೆದು ರಸ್ತೆಯಂಚಿನ ಹುಲ್ಲಿನಲ್ಲಿ ಹೋಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಆ ರಾತ್ರಿ ಆತನಿಗೆ ನಿದ್ರೆ ಬರಲಿಲ್ಲ. ಟ್ರಕ್ಕನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿಬಿಡಬೇಕು, ಇಲ್ಲವೇ ಅದರ ಮುಂಭಾಗವನ್ನು ಕತ್ತರಿಸಬೇಕು.

ಇದಕ್ಕೆ ಅಲ್ಲಿನ ಕುಶಲಿಗಳು ಕಂಡುಕೊಂಡ ಉಪಾಯವೊಂದುಂಟು. 1970ರಿಂದ 1981ರವರೆಗಿನ ಕಮಾರೊ ಕಾರಿನಲ್ಲಿ ಮೈಯೇ ಚೌಕಟ್ಟು. ಎಂಜಿನ್ನನ್ನೂ ಮುಂದಿನ ಚಕ್ರಗಳನ್ನೂ ಹೊರುವ ಭಾಗ ಮಾತ್ರ ಬೇರೆಯಾಗಿ ಬೋಲ್ಟುಗಳಿಂದ ಬಿಗಿದಿರುವುದು. ಅದೇ ಸಬ್‌ಫ್ರೇಮು. ಗುಜರಿಗೆ ಬಂದ ಕಾರಿನಿಂದ ಅದನ್ನು ಬಿಚ್ಚಿದರೆ ಸುರುಳಿ ಸ್ಪ್ರಿಂಗು, ಡಿಸ್ಕ್ ಬ್ರೇಕು, ಸ್ಟಿಯರಿಂಗು ಎಲ್ಲವೂ ಒಟ್ಟಿಗೆ ಬರುವುವು; ಎರಡು ಚಕ್ರಗಳೂ ತಮ್ಮ ತಮ್ಮಷ್ಟಕ್ಕೆ ಏರಿಳಿಯುವುವು.

ಆತನು ರಸಮಟ್ಟವಿಟ್ಟು ಟ್ರಕ್ಕನ್ನು ಸಮನಾಗಿ ನಿಲ್ಲಿಸಿದನು. ತೂಗುಗುಂಡು ಬಿಟ್ಟು ಹಳೆಯ ಅಚ್ಚಿನ ಸ್ಥಾನವನ್ನು ನೆಲದ ಮೇಲೆ ಗುರುತಿಸಿದನು. ಮುಂದಿನ ಹಿಂದಿನ ಚಕ್ರಗಳ ನಡುವಣ 116 ಅಂಗುಲದ ಅಂತರ ಕೆಡಬಾರದು. ಮೂಲೆಯಿಂದ ಮೂಲೆಗೆ ಅಳೆದರೆ ಎರಡು ಕರ್ಣಗಳೂ ಸಮನಿರಬೇಕು. ಅನಂತರ, ತಂದೆ ನಲವತ್ತು ವರ್ಷ ಕಾಪಾಡಿಕೊಂಡು ಬಂದ ಉಕ್ಕಿನ ಮೇಲೆ ಗರಗಸವಿಟ್ಟನು. ಕೈ ನಡುಗಿತು.

ಹೊಸ ಚೌಕಟ್ಟನ್ನು ಕೂಡಿಸಿ, ಅಲ್ಲಲ್ಲಿ ಬೊಟ್ಟಿನಂತೆ ಬೆಸುಗೆಯಿಟ್ಟು ಮತ್ತೆ ಅಳೆದಾಗ ಕರ್ಣಗಳಲ್ಲಿ ಕಾಲಂಗುಲ ಭೇದ ಕಂಡಿತು.

"ಕಾಲಂಗುಲ ತಾನೆ? ಯಾರ ಕಣ್ಣಿಗೆ ಬಿದ್ದೀತು?" ಎಂದನು ನೆರೆಯವನು.

"ಕಣ್ಣಿಗೆ ಬೀಳದು, ಚಕ್ರಕ್ಕೆ ತಿಳಿಯುವುದು" ಎಂದು ಆತನು ಬೆಸುಗೆಯನ್ನು ಕಡಿದು ಮೊದಲಿನಿಂದ ಕೂಡಿಸಿದನು. ಕಾವು ಉಕ್ಕನ್ನು ಸೆಳೆಯುವುದರಿಂದ, ಎಡಬಲಗಳಲ್ಲಿ ಸರದಿಯಂತೆ ಸ್ವಲ್ಪ ಸ್ವಲ್ಪವೇ ಬೆಸೆದು, ಜೋಡಣೆಗಳಿಗೆ ದಪ್ಪನೆಯ ಉಕ್ಕಿನ ಪಟ್ಟಿಗಳ ಆಸರೆ ಕೊಟ್ಟನು.

"ಇನ್ನಿದು ನಿಮ್ಮ ತಂದೆಯ ಟ್ರಕ್ಕಲ್ಲ" ಎಂದು ಕೆಲವರು ಆಡಿದರು. ಆತನು ವಾದಿಸಲಿಲ್ಲ. ಹಳೆಯ ಅಚ್ಚನ್ನು ಒರೆಸಿ, ಎಣ್ಣೆ ಸವರಿ, ಕೊಟ್ಟಿಗೆಯ ಗೋಡೆಗೆ ಒರಗಿಸಿದನು. ತಂದೆಯೂ ನೇಗಿಲಿನ ಗುಳ ಸವೆದಾಗಲೆಲ್ಲ ಬದಲಾಯಿಸುತ್ತಿದ್ದನು; ನೇಗಿಲು ಅವನದಾಗಿಯೇ ಉಳಿದಿತ್ತು.

ಮುಂದಿನ ಮಳೆಯ ದಿನ ಮೊಮ್ಮಗಳು ಕರೆಯದೆಯೇ ಬಂದು ಪಕ್ಕದಲ್ಲಿ ಕುಳಿತಳು.