ಗಾರೆಯವರು ಮನೆ ಕೊಂಡ ಊರು

ಲಂಡನ್ನಿನ ಕಿಂಗ್ಸ್‌ಬರಿಯ ಬಕ್ ಲೇನಿಗೆ ಹೋದರೆ ಕೋಟೆಗಳೇ ಎದುರಾಗುತ್ತವೆ. ಬುರುಜು, ತೆನೆ ಎಲ್ಲ ಇದ್ದರೂ ಒಳಗಿರುವುದು ಫ್ಲ್ಯಾಟುಗಳು. 1930ರ ದಶಕದಲ್ಲಿ ಇವನ್ನು ರೂಪಿಸಿದವರು ಅರ್ನೆಸ್ಟ್ ಟ್ರೋಬ್ರಿಜ್. ತೊಂಬತ್ತರ ದಶಕದಲ್ಲಿ ಯಾದಗಿರಿ ಕಡೆಯಿಂದ ಬಂದ ನನಗೆ ಅವು ಬರೀ ನೋಡುವ ವಿಚಿತ್ರಗಳಾಗಿದ್ದವು. ಆ ವಾಸ್ತುಶಿಲ್ಪಿಯ ಹಳೆಯ ಕೆಲಸ ತಿಳಿದ ಮೇಲೆ ಗೌರವ ಹುಟ್ಟಿತು. ಮೊದಲ ಮಹಾಯುದ್ಧದ ನಂತರ ಮನೆಗಳಿಗೆ ಬರ ಬಂದಾಗ ಟ್ರೋಬ್ರಿಜ್ ಹಸಿ ಎಲ್ಮ್ ಮರ ಬಳಸಿ, ಹುಲ್ಲು ಹೊದಿಸಿ, ಕಡಿಮೆ ಖರ್ಚಿನ ಮನೆ ಕಟ್ಟಿದರು. ಕೈಕಾಲು ಊನವಾಗಿ ಮರಳಿದ್ದ ಸೈನಿಕರನ್ನು ಕೆಲಸಕ್ಕೆ ಇಟ್ಟುಕೊಂಡರು. ಸ್ಲೌ ಲೇನಿನಲ್ಲಿ ಆ ಹುಲ್ಲುಮನೆಗಳು ಇಂದಿಗೂ ಇವೆ.

ಇಲ್ಲಿನ, ಅದೇ ಕಾಲದ ರೋ ಗ್ರೀನ್ ವಿಲೇಜ್ ವಿಮಾನ ಕಾರ್ಖಾನೆಯ ಕೆಲಸಗಾರರಿಗೆಂದೇ ಸರ್ ಫ್ರ್ಯಾಂಕ್ ಬೇನ್ಸ್ ವಿನ್ಯಾಸ ಮಾಡಿದ್ದು. 1921ರಲ್ಲಿ 1,856 ಜನರಿದ್ದ ಕಿಂಗ್ಸ್‌ಬರಿ 1931ಕ್ಕೆ 16,636 ಜನರ ಊರಾಯಿತು. ಮರುವರ್ಷ ರೈಲು ನಿಲ್ದಾಣವೂ ತೆರೆಯಿತು.

ನಾನು ಬಾಡಿಗೆಗಿದ್ದ ಜೋಡಿಮನೆಯ ಯಜಮಾನರು ಕಛ್‌ನ ಪಟೇಲರು, ನೈರೋಬಿಯಲ್ಲಿ ಗಾರೆ ಕೆಲಸ ಕಲಿತು ಬಂದವರು. ಬೆಳಕು ಹರಿಯುವ ಮುಂಚೆ ವ್ಯಾನು ಹತ್ತುತ್ತಿದ್ದರು. ಆ ಕರಣೆಯ ದುಡಿಮೆಯಲ್ಲೇ ಮನೆ ಕೊಂಡಿದ್ದರು. ಗಾರೆಯವರೇ ಮನೆ ಕೊಂಡದ್ದು ನನಗೆ ಅಚ್ಚರಿ. ನಮ್ಮ ಕಡೆ ಸುಗ್ಗಿ ಮುಗಿದರೆ ಮಕ್ಕಳುಮರಿ ಕಟ್ಟಿಕೊಂಡು ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಹತ್ತು ಅಂತಸ್ತು ಏರಿಸುವವರೆಗೆ ತಗಡಿನ ಶೆಡ್ಡು. ಕಟ್ಟಡ ಮುಗಿದರೆ ಶೆಡ್ಡು ಕಿತ್ತುಕೊಂಡು ಇನ್ನೊಂದು ಸೈಟು. ಅವರು ಕಟ್ಟಿದ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಆಮೇಲೆ ಅವರನ್ನೇ ತಡೆದು ಯಾರು ಎಂದು ಕೇಳುತ್ತಾರೆ.

ಇಲ್ಲಿ ಕಛ್‌ನವರು ಬೇರೂರಿದರು. 2014ರಲ್ಲಿ ಕಿಂಗ್ಸ್‌ಬರಿ ರಸ್ತೆಯಲ್ಲಿ ಸ್ವಾಮಿನಾರಾಯಣ ಮಂದಿರ ತೆರೆಯಿತು, ಕೆತ್ತನೆಯ ಕಲ್ಲು, ಸೌರಫಲಕ ಎರಡೂ ಇರುವ ಮಂದಿರ. ಅದರ ಎದುರು ಹಾದಾಗೆಲ್ಲ ನಾನು ಮೊದಲು ನೆನೆಯುವುದು ಆ ಬೆಳಗಿನ ವ್ಯಾನನ್ನು.

ವ್ಯಾನು ಈಗಲೂ ಬರುತ್ತದೆ. ಹತ್ತುವವರಲ್ಲಿ ಹೆಚ್ಚಿನವರು ರೊಮೇನಿಯಾದವರು. ಹತ್ತಿರದ ಬರ್ನ್ಟ್ ಓಕ್‌ನಲ್ಲಿ ಅವರದೇ ಅಂಗಡಿಗಳಿವೆ. ನನ್ನ ಹಳೆಯ ಯಜಮಾನರ ಮನೆಯನ್ನು ಮಕ್ಕಳು ಕೋಣೆ ಕೋಣೆಯಾಗಿ ಬಾಡಿಗೆಗೆ ಬಿಟ್ಟಿದ್ದಾರೆ. ಒಂದು ಸಂಸಾರ ಇದ್ದಲ್ಲಿ ಐದಾರು ದುಡಿಯುವ ಗಂಡಸರು. ಅವರು ಕೆಲಸಕ್ಕೆ ಹೋಗುವುದು ಪಕ್ಕದ ವೆಂಬ್ಲಿ ಪಾರ್ಕ್ ಬಡಾವಣೆಗೆ. ಅಲ್ಲಿ ಗೋಪುರದ ಮೇಲೆ ಗೋಪುರ ಏಳುತ್ತಿದೆ, ಅವುಗಳಲ್ಲಿ ಎಷ್ಟೋ ಫ್ಲ್ಯಾಟುಗಳು ಮಾರುವುದಕ್ಕಲ್ಲ, ಬಾಡಿಗೆಗೆಂದೇ ಕಟ್ಟಿದವು.

ವೆಂಬ್ಲಿ ಪಾರ್ಕಿನ ಈ ಫ್ಲ್ಯಾಟುಗಳ ವಿನ್ಯಾಸ ಕೆಟ್ಟದ್ದೆಂದು ನಾನು ಹೇಳಲಾರೆ. ಗಾಳಿ ಬೆಳಕು ಚೆನ್ನಾಗಿದೆ, ಮಕ್ಕಳಿಗೆ ಅಂಗಳವಿದೆ. ಟ್ರೋಬ್ರಿಜ್ ನಕ್ಷೆಯ ಜೊತೆಗೇ ಮನೆಯ ಬೆಲೆಯನ್ನೂ ಯೋಚಿಸಿದ್ದರು. ಈಗ ಆ ಯೋಚನೆ ವಾಸ್ತುಶಿಲ್ಪಿಯ ಕೈಯಲ್ಲಿಲ್ಲ. ಇಂಗ್ಲೆಂಡಿನಲ್ಲಿ 2011ರಿಂದ ‘ಕೈಗೆಟಕುವ ಬಾಡಿಗೆ’ ಎಂಬ ಹೆಸರಿನ ಮನೆಗೂ ಮಾರುಕಟ್ಟೆ ದರದ ಶೇಕಡಾ 80ರವರೆಗೆ ಕೇಳಬಹುದು. ಲಂಡನ್ನಿನ ದರದಲ್ಲಿ ಅದು ಪ್ಲಾಸ್ಟರ್ ಕೆಲಸದವನ ಕೂಲಿಯ ದೊಡ್ಡ ಪಾಲನ್ನು ನುಂಗುತ್ತದೆ.